ಕಾಮಿಕ್ಸ್ ಪ್ರತಿಯ ಅಂಕ ಶಾಶ್ವತವೇ?

ಪ್ರಶ್ನೆ: ಹಳೆಯ ಅಮೆರಿಕನ್ ಕಾಮಿಕ್ಸ್‌ಗಳ ಗುಣಮಟ್ಟ ಅಳೆಯುವ ಮಾನದಂಡ ಬದಲಾಗುತ್ತದೆಯೇ?

ಉತ್ತರ: ಬದಲಾಗುತ್ತದೆ. ಅದನ್ನು ಬದಲಿಸುವುದು ಹೆಚ್ಚಾಗಿ ಮಾರುಕಟ್ಟೆಯ ಹಣ. 1970ರಲ್ಲಿ ಓವರ್‌ಸ್ಟ್ರೀಟ್ ಬೆಲೆ ಕೈಪಿಡಿ ಬಂದಾಗ ‘ಗುಡ್’, ‘ಫೈನ್’, ‘ಮಿಂಟ್’ ಎಂಬ ದರ್ಜೆಗಳೇ ಸಾಕಾಗಿದ್ದವು. ಬೆಲೆ ಏರಿದಂತೆಲ್ಲ ನಡುವೆ ಹೊಸ ಮೆಟ್ಟಿಲುಗಳು ಬೇಕಾದವು. 2000ದಲ್ಲಿ ಶುರುವಾದ ಸಿಜಿಸಿ ಸಂಸ್ಥೆ 10 ಅಂಕಗಳ ಅಳತೆಯಲ್ಲಿ ಪ್ರತಿಗಳನ್ನು ಪರೀಕ್ಷಿಸಿ, ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಭದ್ರಪಡಿಸಿ ಕೊಡತೊಡಗಿತು. ಈಗ 9.6ಕ್ಕೂ 9.8ಕ್ಕೂ ನಡುವಿನ ಅಂತರವೆಂದರೆ ಬೆನ್ನಂಚಿನ ಪಿನ್ನಿನ ಪಕ್ಕದಲ್ಲಿ ಬಣ್ಣ ಕಿತ್ತು ಬಿಳಿ ಇಣುಕುವ ಒಂದೆರಡು ಸಣ್ಣ ಗೀರು. ಅಷ್ಟಕ್ಕೇ ಬೆಲೆ ದುಪ್ಪಟ್ಟಾಗುವುದುಂಟು.

ಅಳತೆ ಅದೇ 10 ಅಂಕದ್ದಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಆ ಗೀರನ್ನು ಎಷ್ಟು ಕಟ್ಟುನಿಟ್ಟಾಗಿ ಎಣಿಸಬೇಕೆಂದು ತೀರ್ಮಾನಿಸುವುದು ಮನುಷ್ಯರ ಕಣ್ಣು. ಆ ಕಣ್ಣು ಕಾಲಕ್ಕೆ ತಕ್ಕಂತೆ ಪಳಗುತ್ತದೆ. ಬಿಸಿ ಮತ್ತು ಒತ್ತಡ ಕೊಟ್ಟು ಮಡಿಕೆ ನೇರ್ಪಡಿಸುವ ಪ್ರೆಸ್ಸಿಂಗನ್ನು ಸಿಜಿಸಿ ದುರಸ್ತಿಯೆಂದು ಪರಿಗಣಿಸುವುದಿಲ್ಲ. ಹಾಗಾಗಿ ಕವಚ ಒಡೆದು, ಪ್ರೆಸ್ ಮಾಡಿಸಿ ಮತ್ತೆ ಕಳಿಸಿದ ಪ್ರತಿಗೆ ಹೆಚ್ಚಿನ ಅಂಕ ಸಿಗಬಹುದು. ನನ್ನ ಮಟ್ಟಿಗೆ ಇದು ಮೋಸವಲ್ಲ, ಆದರೆ ಹಳೆಯ ಅಂಕ, ಹೊಸ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕೊಳ್ಳುವ ಮುನ್ನ ಬೆನ್ನಂಚು, ಮೂಲೆಗಳನ್ನು ನೀವೇ ನೋಡಿ. ಒಳಪುಟದ ಬಣ್ಣದ ಬಗ್ಗೆ ಲೇಬಲ್ಲಿನಲ್ಲಿ ಬರೆದಿರುವುದನ್ನೂ ಓದಿ.