ಕೆರೆಯ ನಿಯಮ ಗುಡ್ಡದ ಮೇಲಿಂದ

ಊಟಿಯ ಕೆರೆಗೆ ಇನ್ನೂರು ವರ್ಷವಾಯಿತು. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಕಣಿವೆಯ ತೊರೆಗಳಿಗೆ ಅಡ್ಡಲಾಗಿ ಏರಿ ಹಾಕಿಸಿ ಇದನ್ನು ಕಟ್ಟಿಸಿದ. ಆಗಿನ ಕೆರೆ ಈಗಿನದಕ್ಕಿಂತ ಬಹಳ ದೊಡ್ಡದು. ಇಂದು ಬಸ್ ನಿಲ್ದಾಣ ಇರುವ ನೆಲವೂ 2024ರವರೆಗೆ ಕುದುರೆ ರೇಸಿನ ಮೈದಾನವಾಗಿದ್ದ ನೆಲವೂ ಅದರ ಅಂಗಳವೇ ಆಗಿತ್ತು. ಮಣ್ಣು ತುಂಬಿ ಮಟ್ಟ ಮಾಡಿದರೂ ಸುತ್ತಲಿನ ಗುಡ್ಡಗಳ ಲೆಕ್ಕದಲ್ಲಿ ಅದು ತಗ್ಗೇ. ಜೋರು ಮಳೆಯ ದಿನ ಅಲ್ಲಿ ನೀರು ನಿಲ್ಲುವುದು ಅದಕ್ಕೇ.

ಊರಿನ ನೀರನ್ನು ಕೆರೆಗೆ ತರುವುದು ಕೊಡಪ್ಪಮಂದ್ ಕಾಲುವೆ. ಮಳೆನೀರಿಗೆಂದು ಇರಬೇಕಾದ ಈ ದಾರಿಯಲ್ಲಿ ಚರಂಡಿಯ ಕೊಳಕು, ಪ್ಲಾಸ್ಟಿಕ್ಕು, ಮಣ್ಣು ಎಲ್ಲವೂ ಹರಿದು ಬರುತ್ತವೆ. ಕೆರೆಯಲ್ಲಿ ಹೂಳು ತುಂಬಿ ಅಂತರಗಂಗೆ ಹಬ್ಬಿದಾಗ ನಾವು ನೋಡುತ್ತಿರುವುದು ಮೇಲಿನ ಊರನ್ನೇ. ಹೂಳೆತ್ತುವುದಕ್ಕೆ ಹಣ ಮಂಜೂರಾಗುತ್ತದೆ, ಹೂಳು ಹುಟ್ಟುವ ಜಾಗದ ಮಾತು ಮಾತ್ರ ಅಪರೂಪ.

ಒಂದು ಸಣ್ಣ ಲೆಕ್ಕ ಹಾಕೋಣ. 1,500 ಚದರಡಿಯ ಮಾಡಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 7,000 ಲೀಟರ್ ನೀರು ಇಳಿಯುತ್ತದೆ. ಅದೇ ಜಾಗದಲ್ಲಿ ಹುಲ್ಲುಗಾವಲೋ ಶೋಲಾ ಕಾಡೋ ಇದ್ದಿದ್ದರೆ ಅದರಲ್ಲಿ ಬಹುಪಾಲು ನೆಲಕ್ಕಿಳಿದು, ದಿನಗಟ್ಟಲೆ ತಡೆದು ತೊರೆಗೆ ಜಿನುಗುತ್ತಿತ್ತು. ಮಾಡಿನಿಂದ, ಅಂಗಳದ ಕಾಂಕ್ರೀಟಿನಿಂದ, ಕಾರು ನಿಲ್ಲಿಸುವ ಕಟ್ಟೆಯಿಂದ ಅದು ಗಳಿಗೆಯಲ್ಲಿ ಚರಂಡಿ ಸೇರುತ್ತದೆ. ಒಂದೇ ಗುಡ್ಡದ ಮೇಲೆ ಇಂಥ ನೂರು ಮಾಡುಗಳಾದರೆ ಏಳು ಲಕ್ಷ ಲೀಟರ್.

ನೀಲಗಿರಿಯಲ್ಲಿ ಕಟ್ಟಡಗಳಿಗೆ ನಿಯಮವಿಲ್ಲ ಎನ್ನುವಂತಿಲ್ಲ. 1990ರಲ್ಲಿ ತಮಿಳುನಾಡು ಸರ್ಕಾರ ಗುಡ್ಡಗಾಡು ಪ್ರದೇಶ ಸಂರಕ್ಷಣಾ ಪ್ರಾಧಿಕಾರವನ್ನು ರಚಿಸಿತು. ಅದರ ಪಟ್ಟಿಯಲ್ಲಿರುವ ಹಳ್ಳಿಗಳಲ್ಲಿ ದೊಡ್ಡ ಕಟ್ಟಡ ಎಬ್ಬಿಸಬೇಕಾದರೆ ಅರಣ್ಯ, ಭೂವಿಜ್ಞಾನ, ಕೃಷಿ ಎಂಜಿನಿಯರಿಂಗ್ ಇಲಾಖೆಗಳ ಒಪ್ಪಿಗೆಯೂ ಬೇಕು. 1993ರಲ್ಲಿ ಗಿರಿಧಾಮಗಳಿಗೆಂದೇ ಕಟ್ಟಡ ನಿಯಮಗಳು ಬಂದವು. ಕಟ್ಟಡದ ಎತ್ತರ 7 ಮೀಟರ್ ದಾಟಬಾರದೆಂಬುದು ಇಲ್ಲಿ ಮನೆ ಕಟ್ಟುವವರಿಗೆಲ್ಲ ಬಾಯಿಪಾಠ. ಎತ್ತರವನ್ನು ಯಾರು ಬೇಕಾದರೂ ರಸ್ತೆಯಲ್ಲಿ ನಿಂತು ಅಳೆಯಬಹುದು. ಆದರೆ ಮಳೆನೀರಿಗೆ ಎತ್ತರ ಮುಖ್ಯವಲ್ಲ. ನಿವೇಶನದಲ್ಲಿ ಎಷ್ಟು ನೆಲವನ್ನು ಮುಚ್ಚದೆ ಬಿಟ್ಟಿದ್ದಾರೆ, ಗುಡ್ಡವನ್ನು ಎಷ್ಟು ಕಡಿದಿದ್ದಾರೆ, ಕಡಿದ ಮಣ್ಣು ಎಲ್ಲಿಗೆ ಹೋಯಿತು ಎಂಬುದು ಮುಖ್ಯ. ಪರವಾನಗಿ ಕೊಡುವಾಗ ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಬಯಲುಸೀಮೆಯ ನಿಯಮವನ್ನು ಹಾಗೇ ಘಟ್ಟ ಹತ್ತಿಸಿದರೂ ಅಪಾಯವಿದೆ. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಚೆನ್ನೈನ ಅಂತರ್ಜಲಕ್ಕೆ ಅದರಿಂದ ಒಳ್ಳೆಯದೇ ಆಯಿತು. ಅಲ್ಲಿ ಇಂಗುಗುಂಡಿ ತೋಡಿದರೆ ನೀರು ಕೆಳಗಿಳಿಯುತ್ತದೆ. ಇಲ್ಲಿ ಕಡಿದ ಗುಡ್ಡದ ಅಂಚಿಗೆ ಅದೇ ಗುಂಡಿ ತೋಡಿದರೆ, ನೀರು ಕುಡಿದು ಭಾರವಾದ ಮಣ್ಣು ಕೆಳಮನೆಯ ಮೇಲೆ ಜಾರಬಹುದು. 2009ರ ನವೆಂಬರಿನಲ್ಲಿ ಕೇತಿ ಕಣಿವೆಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮಿಕ್ಕಿ ಮಳೆ ಸುರಿದಾಗ ನೀಲಗಿರಿಯ ಭೂಕುಸಿತಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲೂ ಅಷ್ಟೇ ಮಳೆ ಬಂತು. ಹಾಗಾಗಿ ಕಡಿದಾದ ಜಾಗದಲ್ಲಿ ಮಾಡಿನ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು, ಕಲ್ಲು ಹಾಸಿದ ಮೆಟ್ಟಿಲು ಚರಂಡಿಯಲ್ಲಿ ನಿಧಾನವಾಗಿ ಇಳಿಸುವುದು ಸರಿ. ಇಂಗಿಸುವುದಾದರೆ ಇಳಿಜಾರು ಕಡಿಮೆಯಿದ್ದು ಗಟ್ಟಿಯಾಗಿರುವ ನೆಲದಲ್ಲಿ. ಎರಡು ಹೋಬಳಿಗೆ ಒಂದೇ ನಕ್ಷೆ ಸಾಲದು, ಒಂದೇ ಗುಡ್ಡದ ಎರಡು ಮಗ್ಗುಲಿಗೂ ಬೇರೆ ಬೇರೆ ನಿಯಮ ಬೇಕಾದೀತು.

ಹೊಲಗಳ ಪಾಲೂ ಇದೆ. ಆಲೂಗಡ್ಡೆ, ಕ್ಯಾರೆಟ್ ಸಾಲುಗಳನ್ನು ಮೇಲಿಂದ ಕೆಳಕ್ಕೆ ಎಳೆದರೆ ಪ್ರತಿ ಸಾಲೂ ಮಣ್ಣು ಒಯ್ಯುವ ಕಾಲುವೆಯಾಗುತ್ತದೆ, ಇಳಿಜಾರಿಗೆ ಅಡ್ಡವಾಗಿ ಎಳೆದರೆ ತಡೆಯಾಗುತ್ತದೆ. ಊಟಿಯಲ್ಲಿ 1954ರಿಂದ ಇರುವ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಮೆಟ್ಟಿಲು ಗದ್ದೆಗಳ ಮೇಲೆ ಕೆಲಸ ಮಾಡಿದೆ. ಇಲ್ಲಿನ ಬಡಗ ಸಮುದಾಯದ ಹಟ್ಟಿಗಳ ಕೆಳಗೆ ಎಮ್ಮೆ ಮೇಯುತ್ತಿದ್ದ ಜೌಗು ನೆಲಗಳು ಎಷ್ಟೋ ಕಡೆ ತರಕಾರಿ ತೋಟಗಳಾಗಿವೆ. ಮಳೆನೀರನ್ನು ತಡೆದು ಬಿಡುತ್ತಿದ್ದ ಜಾಗಗಳು ಅವು. ಉಳಿದಿರುವ ಜೌಗನ್ನಾದರೂ ಪಂಚಾಯಿತಿಗಳು ಕಟ್ಟಡಕ್ಕೂ ಮಣ್ಣು ತುಂಬುವುದಕ್ಕೂ ಬಿಟ್ಟುಕೊಡಬಾರದು.

ಕರ್ನಾಟಕದ ಓದುಗರಿಗೆ ಬೆಂಗಳೂರಿನ ಜಗಳ ನೆನಪಿರಬಹುದು. ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ದಡದ ಅಂತರ ಬೇಕೇ ಬೇಕು. ಆದರೆ ಸುತ್ತಲೂ ಗುಡ್ಡವಿರುವ ಊಟಿಯಲ್ಲಿ ದಡದಿಂದ ಒಂದು ಮೈಲಿ ಮೇಲಿರುವ ಅಂಗಳದ ನೀರೂ ಇದೇ ಕೆರೆಗೆ ಬರುತ್ತದೆ. ಅದಕ್ಕಾಗಿ ಅಳತೆಯನ್ನು ತೊರೆಗಳ ಎರಡೂ ದಂಡೆಗಳಿಂದ, ಗುಡ್ಡದ ನೆತ್ತಿಯವರೆಗೆ ತೆಗೆದುಕೊಂಡು ಹೋಗಬೇಕು.

ಈಗ ಒಂದು ಅವಕಾಶ ಕೈಗೆ ಬಂದಿದೆ. 2024ರ ಜುಲೈನಲ್ಲಿ ಕಂದಾಯ ಇಲಾಖೆ ರೇಸ್ ಮೈದಾನದ 52 ಎಕರೆಯನ್ನು ವಾಪಸು ಪಡೆದು, ಪರಿಸರ ಉದ್ಯಾನ ಮಾಡಲೆಂದು ತೋಟಗಾರಿಕೆ ಇಲಾಖೆಗೆ ಕೊಟ್ಟಿತು. ಅಲ್ಲಿ ಗಾಜಿನ ಮನೆ, ತಿಂಡಿ ಅಂಗಡಿ, ಸಿಮೆಂಟಿನ ಹಾದಿಗಳನ್ನು ತುಂಬಬೇಡಿ. ಒಂದು ಭಾಗವನ್ನಾದರೂ ಅಗೆದು ಜೌಗು ಮಾಡಿ, ಕೊಡಪ್ಪಮಂದ್ ಕಾಲುವೆಯ ಮಳೆನೀರು ಕೆರೆಗೆ ಹೋಗುವ ಮುನ್ನ ಅಲ್ಲಿ ತಂಗಿ ಮಣ್ಣಿಳಿಸುವಂತೆ ಮಾಡಬೇಕು. ಚರಂಡಿಯ ಕೊಳಕನ್ನು ಕಾಲುವೆಯಿಂದ ಬೇರ್ಪಡಿಸುವ ಕೆಲಸ ಅದಕ್ಕಿಂತ ಮೊದಲೇ ಆಗಬೇಕು.