ಸ್ಲೈಡಿನಲ್ಲಿ ಆಕೃತಿಗಳು: ಬಿಡಿಸುವ ಬಗೆ, ತಿದ್ದುವ ಬಗೆ

ಸಂಘ-ಸಂಸ್ಥೆಗಳಲ್ಲಿ ಆರೋಗ್ಯೋಪನ್ಯಾಸವೆಂದರೆ ಗೋಡೆಯ ಮೇಲೊಂದು ತೆರೆ, ಅದರ ಮೇಲೆ ಸಾಲುಸಾಲಾಗಿ ಸ್ಲೈಡುಗಳು ಎಂಬುದೀಗ ರೂಢಿಯಾಗಿದೆ. ೧೯೮೭ರಲ್ಲಿ ಮೆಕಿಂತಾಷ್ ಗಣಕಕ್ಕಾಗಿ ಹೊರಬಂದು, ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯ ಕೈಸೇರಿದ ಪವರ್‌ಪಾಯಿಂಟ್ ಇಂದು ಶಾಲಾ ಬಾಲಕರಿಗೂ ಪರಿಚಿತ. ಆದರೆ ಅದರಲ್ಲಿ ಅಕ್ಷರಗಳನ್ನು ತುಂಬಬಲ್ಲವರು ಬಹುಮಂದಿ. ಆಕೃತಿಗಳನ್ನು ಅರ್ಥವರಿತು ಬಳಸುವವರು ವಿರಳ. ಲಕ್ವ ಹೊಡೆದಾಗ ಮನೆಯವರು ಏನು ಮಾಡತಕ್ಕದ್ದೆಂಬ ಒಂದೇ ಸ್ಲೈಡನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ನೋಡೋಣ.

ಮಿದುಳಿನ ರಕ್ತನಾಳ ಹೆಪ್ಪುಗಟ್ಟಿ ಲಕ್ವವಾದಲ್ಲಿ, ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆದುದರಿಂದ ನೋಡುಗನಿಗೆ ಬೇಕಾದುದು ವಿವರಣೆಯಲ್ಲ, ದಾರಿ. ಆ ದಾರಿಯನ್ನು ತೋರಿಸುವ ಕೆಲಸ ಆಕೃತಿಗಳದು.

ಕೆಲಸದ ಕ್ರಮವನ್ನು ನಕ್ಷೆಯಾಗಿ ಬರೆಯುವ ಪದ್ಧತಿಯನ್ನು ಅಮೆರಿಕದ ಗಿಲ್‌ಬ್ರೆತ್ ದಂಪತಿಗಳು ೧೯೨೧ರಲ್ಲಿ ಇಂಜಿನಿಯರುಗಳ ಮುಂದಿಟ್ಟರು. ಇಂದು ರೂಢಿಯಲ್ಲಿರುವ ಸಂಕೇತಗಳಲ್ಲಿ ಮೂಲೆ ದುಂಡಗಾದ ಚೌಕಟ್ಟು ಆರಂಭ ಇಲ್ಲವೆ ಅಂತ್ಯವನ್ನೂ, ಆಯತವು ಕಾರ್ಯವನ್ನೂ, ವಜ್ರಾಕೃತಿಯು ಪ್ರಶ್ನೆಯನ್ನೂ ಸೂಚಿಸುತ್ತವೆ. ನಮ್ಮ ಸ್ಲೈಡಿಗೆ ಮೂರು ವಜ್ರಗಳು ಬೇಕು: ಬಾಯಿ ಓರೆಯೇ? ಕೈ ಸೋತಿದೆಯೇ? ಮಾತು ತೊದಲೇ? ಒಂದಕ್ಕಾದರೂ ‘ಹೌದು’ ಎಂದಾದರೆ ಬಾಣವು ಆಯತವೊಂದಕ್ಕೆ ಸಾಗಬೇಕು: ‘೧೧೨ ಅಥವಾ ೧೦೮ಕ್ಕೆ ಕರೆ, ಲಕ್ಷಣ ಕಂಡ ವೇಳೆ ಬರೆದಿಡಿ, ಆಹಾರ, ನೀರು, ಮಾತ್ರೆ ಬೇಡ.’ ಮೂರಕ್ಕೂ ‘ಇಲ್ಲ’ ಎಂದಾದರೂ ಕೊನೆಯ ಬಾಣ ‘ವೈದ್ಯರನ್ನು ಕಾಣಿ’ ಎಂಬಲ್ಲಿಗೇ ಹೋಗತಕ್ಕದ್ದು.

‘ಇನ್ಸರ್ಟ್’ ಪಟ್ಟಿಯ ‘ಶೇಪ್ಸ್’ ಎಂಬಲ್ಲಿ ಈ ಆಕೃತಿಗಳೆಲ್ಲ ದೊರೆಯುತ್ತವೆ. ಬೇಕಾದುದನ್ನು ಆರಿಸಿ, ಮೌಸನ್ನು ಒತ್ತಿಹಿಡಿದು ಎಳೆದರೆ ಆಕೃತಿ ಮೂಡುತ್ತದೆ. ಶಿಫ್ಟ್ ಕೀಲಿಯನ್ನೂ ಒತ್ತಿದ್ದರೆ ಅಂಡಾಕಾರವು ಪೂರ್ಣ ವೃತ್ತವಾಗುತ್ತದೆ. ಒಂದು ವಜ್ರವನ್ನು ಸರಿಯಾಗಿ ಸಿದ್ಧಪಡಿಸಿ, ಕಂಟ್ರೋಲ್ ಮತ್ತು ಡಿ ಕೀಲಿಗಳಿಂದ ಪ್ರತಿ ತೆಗೆಯುವುದೇ ಮೇಲು. ಒಂದೊಂದನ್ನೂ ಹೊಸದಾಗಿ ಬಿಡಿಸಿದರೆ ಅಳತೆ ಹೊಂದುವುದಿಲ್ಲ. ಸಾಲು ನೇರವಾಗಲು, ನಡುವಣ ಅಂತರ ಸಮನಾಗಲು ‘ಅಲೈನ್’ ಇದೆ, ಕಣ್ಣಳತೆಯನ್ನು ನಂಬಬೇಕಾಗಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ವಜ್ರಾಕೃತಿ ಸ್ವಲ್ಪ ತೊಡಕಿನದು. ಅದರೊಳಗೆ ಅಕ್ಷರಕ್ಕೆ ದೊರೆಯುವ ಜಾಗ ಹೊರ ಚೌಕಟ್ಟಿನ ಅರ್ಧ ಅಗಲ, ಅರ್ಧ ಎತ್ತರ. ಎಂದರೆ ಕಾಲು ಭಾಗ ಮಾತ್ರ. ‘ಪಾರ್ಶ್ವವಾಯುವಿನ ಲಕ್ಷಣಗಳಿವೆಯೇ?’ ಎಂದು ಬರೆಯಹೊರಟರೆ ಪದ ನಡುವೆಯೇ ಮುರಿಯುತ್ತದೆ, ಇಲ್ಲವೆ ಅಕ್ಷರ ಇರುವೆಯಾಗುತ್ತದೆ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಎಡೆಯೂ ಬೇಕು. ಮೇಲೆ ಹೇಳಿದಂತೆ ಎರಡು ಪದಗಳ ಪ್ರಶ್ನೆಯೇ ವಾಸಿ.

ನಿಜವಾದ ಅಪಾಯವಿರುವುದು ಬಾಣಗಳಲ್ಲಿ. ಗೆರೆಯೊಂದನ್ನು ಆಕೃತಿಯ ಬಳಿ ಬರಿದೆ ತಂದು ಬಿಟ್ಟರೆ, ಮುಂದೆ ಆಕೃತಿಯನ್ನು ಸರಿಸಿದಾಗ ಗೆರೆ ಅಲ್ಲಿಯೇ ಉಳಿಯುತ್ತದೆ. ‘ಹೌದು’ ಎಂಬ ಬಾಣ ಶೂನ್ಯಕ್ಕೋ, ಪಕ್ಕದ ಆಕೃತಿಗೋ ಗುರಿಯಿಡುತ್ತದೆ. ಲೆಕ್ಕಪತ್ರದಲ್ಲಿ ಇಂಥ ತಪ್ಪು ಮರುದಿನ ಸಿಕ್ಕೀತು. ಲಕ್ವದ ಮನೆಯಲ್ಲಿ ಮರುದಿನಕ್ಕೆ ಕಾಯುವಂತಿಲ್ಲ. ಗೆರೆಯ ತುದಿಯನ್ನು ಆಕೃತಿಯ ಅಂಚಿನಲ್ಲಿ ಕಾಣುವ ಚುಕ್ಕೆಗೇ ತಾಗಿಸಬೇಕು. ಗೆರೆಯನ್ನು ಆರಿಸಿದಾಗ ತುದಿ ಹಸಿರಾಗಿದ್ದರೆ ಬೆಸೆದಿದೆ, ಬಿಳಿಯಾಗಿದ್ದರೆ ಇಲ್ಲ. ಬೆಸೆದ ಬಾಣ ಆಕೃತಿಯ ಹಿಂದೆಯೇ ಬರುತ್ತದೆ. ‘ಹೌದು’, ‘ಇಲ್ಲ’ ಎಂಬ ಪದಗಳನ್ನು ಬಾಣದ ಪಕ್ಕದಲ್ಲಿ ಬರೆಯಲೇಬೇಕು. ಕೆಂಪು-ಹಸಿರು ಬಣ್ಣಗಳನ್ನೇ ನಂಬಿದರೆ, ಆ ಭೇದ ಕಾಣದ ದೃಷ್ಟಿಯುಳ್ಳವರಿಗೆ, ಅವರಲ್ಲಿ ಗಂಡಸರೇ ಹೆಚ್ಚು, ದಾರಿ ತಿಳಿಯದು.

ಒಳಬಣ್ಣಕ್ಕೆ ‘ಶೇಪ್ ಫಿಲ್’, ಅಂಚಿಗೆ ‘ಶೇಪ್ ಔಟ್‌ಲೈನ್’. ತಿಳಿ ಒಳಬಣ್ಣ, ಕಪ್ಪು ಅಕ್ಷರ, ದಪ್ಪ ಅಂಚು ಸಾಕು. ನೆರಳು, ಹೊಳಪು, ಉಬ್ಬು ಇವೆಲ್ಲ ಮದುವೆ ಚಪ್ಪರದ ದೀಪಗಳಂತೆ. ಕರೆಯುತ್ತವೆ, ಏನನ್ನೂ ಹೇಳುವುದಿಲ್ಲ. ಎಲ್ಲ ಮುಗಿದ ಮೇಲೆ ಕಂಟ್ರೋಲ್ ಮತ್ತು ಜಿ ಒತ್ತಿ ಆಕೃತಿಗಳನ್ನು ಒಂದು ಗುಂಪಾಗಿಸಬಹುದು. ಪರಸ್ಥಳದ ಗಣಕದಲ್ಲಿ ಹಳೆಯ ನುಡಿ, ಬರಹದ ಅಕ್ಷರಗಳು ಗೋಜಲಾಗುವ ಸಂಭವವಿರುವುದರಿಂದ ಯೂನಿಕೋಡಿನಲ್ಲಿಯೇ ಬರೆದು, ಪಿಡಿಎಫ್ ಪ್ರತಿಯೊಂದನ್ನೂ ಜೊತೆಗೊಯ್ಯುವುದು ಕ್ಷೇಮ.