ದೋಣಿಗೆ ತಕ್ಕ ಗಾಡಿಯೋ, ಗಾಡಿಗೆ ತಕ್ಕ ದೋಣಿಯೋ?

ಹಿನ್ನೀರಿನ ಅಂಚಿನಲ್ಲಿ ತೋಟವಿರುವ ಸದಸ್ಯರು ಈಚೆಗೆ ನಮ್ಮ ಕಚೇರಿಗೆ ಬಂದಾಗಲೆಲ್ಲ ಒಂದು ಪ್ರಶ್ನೆಯನ್ನು ಮುಂದಿಡುತ್ತಿದ್ದಾರೆ. ಮನೆಮಂದಿಯೆಲ್ಲ ಕೂರುವಂತಿರಬೇಕು, ಎಣ್ಣೆ ಕಡಿಮೆ ಕುಡಿಯಬೇಕು, ಜೊತೆಗೆ ಒಂದು ಫೈಬರ್ ದೋಣಿಯನ್ನು ಟ್ರೇಲರಿನ ಮೇಲಿಟ್ಟು ಎಳೆಯುವಂತಿರಬೇಕು. ಅಂಥ ಗಾಡಿ ಯಾವುದು ಎಂಬುದು ಆ ಪ್ರಶ್ನೆ. ಸಿಗಂದೂರಿನ ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ಆ ಒಂದು ದಾರಿಯಲ್ಲಿ ಲಾಂಚ್ ಕಾಯುವ ಕಷ್ಟ ತಪ್ಪಿದ್ದು ನಿಜ. ಆದರೆ ಶರಾವತಿಯ ಹಿನ್ನೀರು ಆ ಒಂದು ದಾರಿಯಷ್ಟೇ ಅಲ್ಲವಷ್ಟೆ. ಆಚೆ ದಡದಲ್ಲಿ ಎರಡೆಕರೆ ಅಡಿಕೆ ಇಟ್ಟುಕೊಂಡವರಿಗೆ ದೋಣಿಯ ಅಗತ್ಯ ಇದ್ದೇ ಇದೆ.

ಈ ಪ್ರಶ್ನೆಯ ಬಗ್ಗೆ ನಮಗೆ ತಿಳಿವಳಿಕೆ ಹೆಚ್ಚು ದೊರೆತದ್ದು ಮಲೆನಾಡಿನಲ್ಲಲ್ಲ, ಬಯಲುಸೀಮೆಯ ಬಾಗಲಕೋಟೆಯಲ್ಲಿ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಅಲ್ಲಿರುವುದರಿಂದ ನಮ್ಮವರು ಆಗಾಗ ಹೋಗಿಬರುತ್ತೇವೆ. ಚಿತ್ರದುರ್ಗ, ಹೊಸಪೇಟೆ ದಾಟಿ 50ನೆಯ ರಾಷ್ಟ್ರೀಯ ಹೆದ್ದಾರಿ ಇಳಕಲ್, ಹುನಗುಂದಗಳ ಮೇಲೆ ಹಾಯುತ್ತದೆ. ಇಳಕಲ್ಲಿನ ಬಳಿ ಗ್ರಾನೈಟ್ ದಿಮ್ಮಿ ಹೊತ್ತ ಲಾರಿಗಳು ಸಾಲುಗಟ್ಟಿರುತ್ತವೆ. ಭಾರವೆಂದರೇನು, ಬ್ರೇಕೆಂದರೇನು ಎಂಬುದನ್ನು ಅವುಗಳ ಹಿಂದೆ ನಿಂತರೆ ಯಾರೂ ಹೇಳಿಕೊಡಬೇಕಾಗಿಲ್ಲ. (ಹೆಂಗಸರು ಜೊತೆಗಿದ್ದರೆ ಅಲ್ಲಿ ಸೀರೆಯ ಅಂಗಡಿಗಳಿಗೂ ಅರ್ಧ ದಿನ ತೆಗೆದಿಡತಕ್ಕದ್ದು.)

ಬಾಗಲಕೋಟೆ ನೀರಿನ ನಡುವಿನ ಜಿಲ್ಲೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಅಲ್ಲಿ ಹರಿಯುತ್ತವೆ. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಸುಮಾರು 123 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಅದರಲ್ಲಿ ಹಳೆಯ ಬಾಗಲಕೋಟೆಯ ತಗ್ಗಿನ ಭಾಗ ಮುಳುಗಿ ನವನಗರ ಎದ್ದಿತು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ನುಗ್ಗದಂತೆ ಬಸವಣ್ಣನವರ ಐಕ್ಯಮಂಟಪದ ಸುತ್ತ ಗೋಡೆ ಎಬ್ಬಿಸಿದ್ದಾರೆ. ಇಷ್ಟು ನೀರಿರುವ ಕಡೆ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಹೋಗುವವರನ್ನು ಕಾಣಬೇಕಿತ್ತಲ್ಲವೇ? ನಮಗಂತೂ ಒಬ್ಬರೂ ಕಾಣಲಿಲ್ಲ. ಅದಕ್ಕೆ ಕಾರಣವಿದೆ.

ಮೊದಲು ಗಾಡಿಯ ವಿಚಾರ. ಮೈಲೇಜ್ ಬೇರೆ, ಎಳೆಯುವ ಶಕ್ತಿ ಬೇರೆ. ನಮ್ಮವರು ಹೆಚ್ಚಾಗಿ ತೂಗಿನೋಡುವ ಎರಡು ಗಾಡಿಗಳನ್ನೇ ತೆಗೆದುಕೊಳ್ಳೋಣ. ಮಾರುತಿ ಎರ್ಟಿಗಾ ಏಳು ಜನರ ಪೆಟ್ರೋಲ್ ಗಾಡಿ. ಲೀಟರಿಗೆ 20 ಕಿ.ಮೀ.ಗೂ ತುಸು ಹೆಚ್ಚು ಎಂದು ತಯಾರಕರು ಹೇಳುತ್ತಾರೆ. ಅದರ ಟಾರ್ಕ್, ಎಂದರೆ ಗಾಲಿಯನ್ನು ತಿರುಗಿಸುವ ಬಲ, ಸುಮಾರು 137 ನ್ಯೂಟನ್ ಮೀಟರ್. ಅದೂ ಇಂಜಿನ್ ನಿಮಿಷಕ್ಕೆ 4,400 ಸುತ್ತು ತಿರುಗಿದಾಗ. ಮಹೀಂದ್ರ ಬೊಲೆರೋ ಮೂರು ಸಿಲಿಂಡರಿನ ಡೀಸೆಲ್ ಗಾಡಿ. ಅದರ ಟಾರ್ಕ್ 210 ನ್ಯೂಟನ್ ಮೀಟರ್, ಅದು 1,600 ಸುತ್ತಿಗೇ ಸಿಕ್ಕುತ್ತದೆ. ಮೈಲೇಜ್ 16ರ ಆಸುಪಾಸು. ಭಾರ ಕಟ್ಟಿಕೊಂಡು ನಿಧಾನವಾಗಿ ಏರು ಹತ್ತುವವನಿಗೆ ಬೇಕಾದದ್ದು ಕೆಳಗಿನ ಸುತ್ತಿನಲ್ಲಿ ದೊರೆಯುವ ಬಲ. ಅದಿಲ್ಲದಿದ್ದರೆ ಕ್ಲಚ್ ಸುಡುತ್ತದೆ.

ಎರಡನೆಯದು ಗಾಲಿ. ಎರ್ಟಿಗಾದಲ್ಲಿ ಮುಂದಿನ ಗಾಲಿಗಳು ಎಳೆಯುತ್ತವೆ, ಬೊಲೆರೋದಲ್ಲಿ ಹಿಂದಿನವು. ನೀರಿನಿಂದ ದೋಣಿಯನ್ನು ಮೇಲೆಳೆಯುವಾಗ ಟ್ರೇಲರಿನ ಮೂತಿಯ ಭಾರ ಗಾಡಿಯ ಹಿಂಬದಿಯನ್ನು ಒತ್ತಿ ಮುಂಬದಿಯನ್ನು ಹಗುರ ಮಾಡುತ್ತದೆ. ಆಗ ಮುಂಗಾಲಿ ಎಳೆಯುವ ಗಾಡಿ ಕೆಸರಿನಲ್ಲಿ ಬರಿದೇ ತಿರುಗುತ್ತದೆ. ನಾಲ್ಕೂ ಗಾಲಿ ಎಳೆಯುವ ಜಿಮ್ನಿ ಈ ಕೆಲಸಕ್ಕೆ ಒಳ್ಳೆಯದೇ. ಆದರೆ ಅದರಲ್ಲಿ ನಾಲ್ವರಷ್ಟೇ ಕೂರಬಹುದು. ಅಜ್ಜಿಯನ್ನು ಎಲ್ಲಿ ಕೂರಿಸುವುದು?

ಹಾಗಾದರೆ ಬೊಲೆರೋವೇ ಸರಿ ಎನ್ನುವಿರಿ. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ 16ರ ಮೈಲೇಜಿನಲ್ಲಿ 750 ಲೀಟರ್, 20ರ ಮೈಲೇಜಿನಲ್ಲಿ 600 ಲೀಟರ್ ಬೇಕು. ಪೆಟ್ರೋಲಿನ ದರ ಡೀಸೆಲ್ಲಿಗಿಂತ ಹೆಚ್ಚಿರುವುದರಿಂದ ಆ 150 ಲೀಟರಿನ ಉಳಿತಾಯದಲ್ಲಿ ಒಂದು ಪಾಲು ಅಲ್ಲಿಯೇ ಕರಗುತ್ತದೆ. ಆದ್ದರಿಂದ ಬರಿಯ ಎಣ್ಣೆಯ ಲೆಕ್ಕದಿಂದ ತೀರ್ಮಾನವಾಗುವುದಿಲ್ಲ. ವರ್ಷದಲ್ಲಿ ಎಷ್ಟು ದಿನ ದೋಣಿ ರಸ್ತೆಗೆ ಬರುತ್ತದೆ ಎಂಬುದನ್ನೇ ಕೇಳಿಕೊಳ್ಳಬೇಕು. ನಾವು ವಿಚಾರಿಸಿದ ಸದಸ್ಯರಲ್ಲಿ ಯಾರೂ ನಾಲ್ಕು ಸಲಕ್ಕಿಂತ ಹೆಚ್ಚು ಹೇಳಲಿಲ್ಲ.

ಇನ್ನು ಟ್ರೇಲರ್. ದೋಣಿ, ಇಂಜಿನ್, ಟ್ರೇಲರ್ ಸೇರಿ 500 ಕಿಲೋ ಎಂದಿಟ್ಟುಕೊಂಡರೆ, ಹತ್ತಕ್ಕೆ ಒಂದರ ಏರಿನಲ್ಲಿ ಸುಮಾರು 50 ಕಿಲೋ ಭಾರ ಗಾಡಿಯನ್ನು ಸದಾ ಹಿಂದಕ್ಕೆ ಜಗ್ಗುತ್ತಿರುತ್ತದೆ. ಇಳಿಜಾರಿನಲ್ಲಿ ಅದೇ ಭಾರ ಮುಂದಕ್ಕೆ ದೂಡುತ್ತದೆ. ನಮ್ಮ ಘಟ್ಟದ ತಿರುವುಗಳಲ್ಲಿ ಅಪಾಯ ಈ ಎರಡನೆಯದರಲ್ಲೇ ಹೆಚ್ಚು. ಯುರೋಪಿನಲ್ಲಿ ಬ್ರೇಕಿಲ್ಲದ ಟ್ರೇಲರಿಗೆ 750 ಕಿಲೋ ಮಿತಿ ಹಾಕಿದ್ದಾರೆ. ಗಾಡಿಯ ಕೈಪಿಡಿಯಲ್ಲಿ ಎಳೆಯಬಹುದಾದ ತೂಕವನ್ನು ಬರೆದಿಲ್ಲವಾದರೆ, ಪೇಟೆಯ ವೆಲ್ಡಿಂಗ್ ಅಂಗಡಿಯ ಕೊಕ್ಕೆಯನ್ನು ನಂಬಿ ಹೊರಡಬಾರದು. ತಯಾರಕರನ್ನೂ ವಿಮೆಯವರನ್ನೂ ಬರಹದಲ್ಲಿ ಕೇಳಿ ಉತ್ತರ ಪಡೆಯಬೇಕು. ಭಾರವನ್ನು ಹಂಚುವಾಗ ಹತ್ತರಲ್ಲೊಂದು ಪಾಲಿನಷ್ಟು ಕೊಕ್ಕೆಯ ಮೇಲೆ ಬೀಳುವಂತಿರಬೇಕು. ಹಿಂದೆ ಭಾರವಾದರೆ ಟ್ರೇಲರ್ ಹಾವಿನಂತೆ ಹೊರಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 61ನೆಯ ಕಲಮಿನಂತೆ ಟ್ರೇಲರಿಗೂ ನೋಂದಣಿ ಬೇಕು, ಎಳೆಯುವ ಗಾಡಿಯ ಸಂಖ್ಯೆಯೂ ಅದರ ಮೇಲೆ ಕಾಣಬೇಕು. ದಾರಿಯಲ್ಲಿ ಬಿಸಿಯಾದ ಗಾಲಿಯ ಬೇರಿಂಗುಗಳನ್ನು ಹಾಗೆಯೇ ನೀರಿಗಿಳಿಸಿದರೆ ಅವು ತಣಿಯುವಾಗ ನೀರನ್ನು ಒಳಗೆ ಎಳೆದುಕೊಂಡು ತುಕ್ಕು ಹಿಡಿಯುತ್ತವೆ. ಅರ್ಧ ಗಂಟೆ ನಿಲ್ಲಿಸಿ ಇಳಿಸುವುದು, ಆಮೇಲೆ ಗ್ರೀಸ್ ತುಂಬುವುದು ಮೇಲು.

ಬಾಗಲಕೋಟೆಯವರು ಇದೆಲ್ಲ ತಾಪತ್ರಯವನ್ನು ಏಕೆ ಕಟ್ಟಿಕೊಂಡಿಲ್ಲವೆಂಬುದು ದಡಕ್ಕೆ ಇಳಿದರೆ ತಿಳಿಯುತ್ತದೆ. ಮಳೆಗಾಲ ಮುಗಿಯುವಾಗ ಹೊಲದ ಬದುವಿನವರೆಗೆ ಇದ್ದ ನೀರು ಬೇಸಿಗೆಗೆ ದೂರ ಸರಿದುಬಿಡುತ್ತದೆ. ಈ ತಿಂಗಳು ದೋಣಿ ಇಳಿಸಿದ ಜಾಗ ಮುಂದಿನ ತಿಂಗಳು ಕೆಸರು. ಅದರಲ್ಲೂ ಎರೆ ಮಣ್ಣು ಹಸಿಯಾದಾಗ ಕಾರಿನ ಗಾಲಿ ಅಚ್ಚಿನವರೆಗೆ ಹೂಳುತ್ತದೆ. ಭಾರದ ದೋಣಿಯಾದರೆ ಟ್ರ್ಯಾಕ್ಟರ್ ತರಿಸುತ್ತಾರೆ, ಉಳಿದಂತೆ ಹರಿಗೋಲು. ಹುನಗುಂದ ಕಡೆಯ ಮೀನುಗಾರರೊಬ್ಬರನ್ನು, ಇದನ್ನು ಸಾಗಿಸಲು ಗಾಡಿ ಇಟ್ಟಿಲ್ಲವೇ ಎಂದು ಕೇಳಿದೆವು. ಅವರು ನಕ್ಕು, "ತಲಿ ಐತಲ್ರೀ ಸಾಹೇಬ್ರ, ಗಾಡಿ ಯಾಕ್ರೀ ಇದಕ್ಕ?" ಎಂದು ಹರಿಗೋಲನ್ನು ಕವುಚಿ ತಲೆಯ ಮೇಲಿಟ್ಟುಕೊಂಡು ನಡೆದೇಬಿಟ್ಟರು.

ಬಾದಾಮಿ ತಾಲ್ಲೂಕಿನಲ್ಲಿ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳವರೆಗೂ ನೀರು ಬಂದಿತ್ತು. ಅಂಥ ನೆರೆಗಳಲ್ಲಿ ರಕ್ಷಣಾ ಪಡೆಯವರು ತರುವುದು ಗಾಳಿ ತುಂಬುವ ರಬ್ಬರ್ ದೋಣಿ. ಮಡಿಸಿದರೆ ಗಾಡಿಯೊಳಗೇ ಹಿಡಿಯುತ್ತದೆ, ಕೊಕ್ಕೆಯ ಹಂಗಿಲ್ಲ.

ಆದಕಾರಣ ನಮ್ಮ ಸಲಹೆ ಇಷ್ಟು. ವರ್ಷಕ್ಕೆ ನಾಲ್ಕು ದಿನದ ದೋಣಿಗಾಗಿ ಉಳಿದ 361 ದಿನದ ಗಾಡಿಯನ್ನು ಆರಿಸಬೇಡಿರಿ. ತೋಟದ ದಾರಿ ಕಚ್ಚಾ ಇದ್ದು ಗೊಬ್ಬರದ ಚೀಲ, ಕಾಫಿ ಮೂಟೆಗಳೂ ಅದರಲ್ಲೇ ಬರಬೇಕೆಂದಿದ್ದರೆ ಬೊಲೆರೋದಂಥದ್ದು ಇರಲಿ. ದಾರಿ ಡಾಂಬರಾಗಿದ್ದರೆ ಮೈಲೇಜಿನ ಗಾಡಿಯೇ ಸಾಕು. ದೋಣಿಯನ್ನು ಮಾತ್ರ ಇಬ್ಬರು ಎತ್ತಬಹುದಾದಷ್ಟು ಹಗುರವಾದದ್ದನ್ನೇ ಕೊಳ್ಳಿರಿ, ಇಲ್ಲವೇ ದಡದಲ್ಲೇ ಕಟ್ಟಿಹಾಕಿರಿ.

ಭಾರದ ದೋಣಿ ಬೇಕೇ ಬೇಕೆನ್ನುವವರಿಗಾಗಿ, ನೋಂದಣಿಯಾದ ಒಂದು ಟ್ರೇಲರನ್ನು ಸಂಘದಿಂದಲೇ ಕೊಂಡು ಟ್ರ್ಯಾಕ್ಟರಿನ ಸಮೇತ ಬಾಡಿಗೆಗೆ ಕೊಡುವ ಸೂಚನೆ ಮುಂದಿನ ಆಡಳಿತ ಮಂಡಳಿಯ ಸಭೆಗೆ ಬರಲಿದೆ. ಆಸಕ್ತ ಸದಸ್ಯರು ದೋಣಿಯ ಉದ್ದ, ತೂಕ ಮತ್ತು ಇಳಿಸುವ ಸ್ಥಳವನ್ನು ಬರೆದು ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ.